ಇತಿಹಾಸದ ಬೆಲೆ ತೆತ್ತವರು ಯಾರು?

ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿ ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿಯೂ ಪ್ರಸಾರವಾಗಿತ್ತು. ಚೂಪುಕಿವಿಯ ಸ್ಪಾಕ್‌ನನ್ನು ಅಂದಿನ ಪ್ರೇಕ್ಷಕರು ಮರೆತಿರಲಾರರು. ಆ ಸರಣಿಯ ಒಂದು ಕಂತು ಮಾತ್ರ ಸಾಹಸಕಥೆಯ ಎಲ್ಲೆಯನ್ನು ಮೀರಿ, ಆಡಳಿತಗಾರರೂ ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಯೋಚಿಸಬೇಕಾದ ಪ್ರಶ್ನೆಯೊಂದನ್ನು ಎತ್ತುತ್ತದೆ.

ಹಾರ್ಲನ್ ಎಲಿಸನ್ ಬರೆದ ಆ ಕಂತಿನ ಹೆಸರು ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’. ಅಮೆರಿಕದಲ್ಲಿ ಅದು ಮೊದಲು ಪ್ರಸಾರವಾದದ್ದು 1967ರ ಏಪ್ರಿಲ್ 6ರಂದು. ಗಗನನೌಕೆಯ ವೈದ್ಯ ಮೆಕಾಯ್, ಔಷಧವೊಂದು ಆಕಸ್ಮಿಕವಾಗಿ ಅತಿಯಾಗಿ ಮೈಗೇರಿ, ಬುದ್ಧಿಭ್ರಮಣೆಯಲ್ಲಿ ಕಾಲದ ಬಾಗಿಲನ್ನು ದಾಟಿ ಹಿಂದಕ್ಕೆ ಹೋಗುತ್ತಾನೆ. ಅಲ್ಲಿ ಅವನು ಮಾಡಿದ ಯಾವುದೋ ಕಾರ್ಯದಿಂದ ಇತಿಹಾಸ ಬದಲಾಗಿ, ಇತ್ತ ನೌಕೆಯೇ ಇಲ್ಲವಾಗುತ್ತದೆ. ಅದನ್ನು ಸರಿಪಡಿಸಲು ಕ್ಯಾಪ್ಟನ್ ಕರ್ಕ್ ಮತ್ತು ಸ್ಪಾಕ್ 1930ರ ನ್ಯೂಯಾರ್ಕಿಗೆ ಬರುತ್ತಾರೆ. ಅದು ಮಹಾ ಆರ್ಥಿಕ ಕುಸಿತದ ಕಾಲ. ಎಡಿತ್ ಕೀಲರ್ ಎಂಬಾಕೆ ಹಸಿದವರಿಗೆ ಊಟ ನೀಡುತ್ತ, ಶಾಂತಿಯ ಕನಸು ಕಾಣುತ್ತಿರುತ್ತಾಳೆ. ಕರ್ಕ್ ಆಕೆಯನ್ನು ಪ್ರೀತಿಸುತ್ತಾನೆ. ಆದರೆ ಆಕೆ ಬದುಕುಳಿದರೆ ಆಕೆಯ ಶಾಂತಿ ಚಳವಳಿಯಿಂದಾಗಿ ಅಮೆರಿಕ ಮಹಾಯುದ್ಧಕ್ಕೆ ಇಳಿಯುವುದು ತಡವಾಗುತ್ತದೆ. ಜರ್ಮನಿ ಮೊದಲು ಅಣುಬಾಂಬು ತಯಾರಿಸಿ ಗೆಲ್ಲುತ್ತದೆ. ಕೊನೆಗೆ ವಾಹನಕ್ಕೆ ಸಿಲುಕಲಿರುವ ಆಕೆಯನ್ನು ರಕ್ಷಿಸಲು ಧಾವಿಸಿದ ಮೆಕಾಯ್‌ನನ್ನು ಕರ್ಕ್ ತಾನೇ ತಡೆದು ನಿಲ್ಲಿಸುತ್ತಾನೆ. ಇತಿಹಾಸ ಹಳಿಗೆ ಮರಳುತ್ತದೆ. ಯಾರೂ ಸಂಭ್ರಮಿಸುವುದಿಲ್ಲ.

ದೊಡ್ಡ ಒಳಿತಿಗಾಗಿ ನಿರಪರಾಧಿಯೊಬ್ಬರು ಬೆಲೆ ತೆರುವ ಸನ್ನಿವೇಶ ನಮ್ಮ ಕರಾವಳಿಗೆ ಅಪರಿಚಿತವಲ್ಲ. ಸುವರ್ಣಾ ನದಿಯ ದಂಡೆಯ ಕೆಮ್ಮಣ್ಣಿನಲ್ಲಿ ಇಂದಿಗೂ ಹಿರಿಯರು ನಾಲ್ವರು ಸೇರಿದರೆ ಮಾತು ಭೂಸುಧಾರಣೆಯತ್ತ ಹೊರಳುತ್ತದೆ. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರನು ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕು ಪಡೆಯುವಂತಾಯಿತು. ಧಣಿಯ ವಕೀಲರ ವಾಗ್ವೈಖರಿಗೆ ಒಕ್ಕಲು ಬೆದರದಿರಲೆಂದು, ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನೇ ಕಾಯ್ದೆ ನಿಷೇಧಿಸಿತು. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಇದು ಇತಿಹಾಸದ ದಿಕ್ಕನ್ನೇ ಬದಲಿಸಿದ ಕಾನೂನು.

ಅದು ಬಾರದೆ ಇದ್ದಿದ್ದರೆ? ಈ ಪ್ರಶ್ನೆಗೆ ಊರಿನಲ್ಲಿ ಎರಡು ಉತ್ತರಗಳಿವೆ. ಮನೆತನಗಳು ಉಳಿಯುತ್ತಿದ್ದವು, ಗದ್ದೆಗಳು ಹಡಿಲು ಬೀಳುತ್ತಿರಲಿಲ್ಲ ಎನ್ನುವುದು ಒಂದು. ಚಾಲಗೇಣಿಯ ಒಕ್ಕಲಿನ ಮಗ ಅಂಗಳದಲ್ಲಿಯೇ ನಿಂತಿರುತ್ತಿದ್ದ, ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ ಎನ್ನುವುದು ಇನ್ನೊಂದು. ಎರಡರಲ್ಲಿಯೂ ಹೇಳುವವನು ತನ್ನ ಸ್ಥಾನವನ್ನು ಭದ್ರಪಡಿಸಿಕೊಂಡೇ ಲೆಕ್ಕ ಹಾಕುತ್ತಾನೆ. ಕಾಲಯಾನದ ಕಥೆಗಳು ಪ್ರಶ್ನಿಸುವುದು ಈ ಸೌಲಭ್ಯವನ್ನೇ.

ಧಣಿಗಳೆಲ್ಲರೂ ಸಾವಿರ ಮುಡಿ ಗೇಣಿಯವರಾಗಿರಲಿಲ್ಲ. ದುಡಿಯುವ ಕೈಗಳಿಲ್ಲದೆ ಎರಡು ತುಂಡು ಗದ್ದೆಯನ್ನು ಗೇಣಿಗೆ ಕೊಟ್ಟು, ಬರುವ ಕೆಲವೇ ಮುಡಿ ಅಕ್ಕಿಯಲ್ಲಿ ಮಕ್ಕಳನ್ನು ಸಾಕುತ್ತಿದ್ದ ವಿಧವೆಯೂ ಕಾನೂನಿನ ಕಣ್ಣಿಗೆ ಧಣಿಯೇ. ಇನ್ನೊಂದು ತುದಿಯಲ್ಲಿ ಕೂಲಿಯಾಳು. ಉಳುವವನೇ ಹೊಲದೊಡೆಯ ಎಂದು ಸಾರಿದಾಗ, ಗೇಣಿದಾರನ ಗದ್ದೆಯಲ್ಲಿ ನಿಜವಾಗಿ ನೇಗಿಲು ಹಿಡಿದಿದ್ದವನ ಹೆಸರು ಅರ್ಜಿಯಲ್ಲಿ ಇರಲಿಲ್ಲ. ಈ ಇಬ್ಬರೂ ಯಾವ ಅನ್ಯಾಯವನ್ನೂ ಎಸಗಿದವರಲ್ಲ.

ಅರ್ಥಶಾಸ್ತ್ರದಲ್ಲಿ ಕಾಲ್ಡರ್ ಮತ್ತು ಹಿಕ್ಸ್ 1939ರಲ್ಲಿ ಮಂಡಿಸಿದ ಮಾನದಂಡವೊಂದಿದೆ. ಬದಲಾವಣೆಯಿಂದ ಲಾಭ ಪಡೆದವರು ನಷ್ಟ ಹೊಂದಿದವರಿಗೆ ಪರಿಹಾರ ಕೊಟ್ಟೂ ಲಾಭದಲ್ಲಿ ಉಳಿಯುವಂತಿದ್ದರೆ ಆ ಬದಲಾವಣೆ ಸ್ವೀಕಾರಾರ್ಹ. ಪರಿಹಾರವನ್ನು ನಿಜವಾಗಿ ಕೊಡಲೇಬೇಕೆಂಬ ನಿಯಮವೇನೂ ಅದರಲ್ಲಿಲ್ಲ. ಎಂ.ಎ. ತರಗತಿಯಲ್ಲಿ ಇದು ರೇಖಾಚಿತ್ರದ ವಿಷಯ. ಸೇವೆಗೆ ಸೇರಿದ ಮೇಲೆ ಮೇಜಿನ ಆಚೆ ನಿಂತ ಮನುಷ್ಯರ ವಿಷಯ.

ಅರಸು ಅವರ ಕಾನೂನು ಅಗತ್ಯವಾಗಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದನ್ನು ಹಿಂದಕ್ಕೆ ತಿರುಗಿಸುವ ಯಂತ್ರ ಕೈಗೆ ಬಂದರೂ ಮುಟ್ಟಲಾರೆ. ಆದರೆ ನಿರ್ಧಾರ ಸರಿಯಾಗಿತ್ತೆಂಬ ಕಾರಣಕ್ಕೆ ಅದರ ಬೆಲೆ ಸೊನ್ನೆಯಾಗುವುದಿಲ್ಲ. ಕರ್ಕ್ ಕಣ್ಣು ಮುಚ್ಚಿಕೊಂಡರೂ ತಾನು ಯಾರನ್ನು ಕಳೆದುಕೊಂಡೆನೆಂದು ಬಲ್ಲ. ಸರ್ಕಾರಕ್ಕೆ ಅಷ್ಟು ತಿಳಿವಳಿಕೆಯೂ ಇರುವುದಿಲ್ಲ. ಫಲಾನುಭವಿಗಳ ಪಟ್ಟಿ ಸಿದ್ಧವಾಗುತ್ತದೆ, ಕಳೆದುಕೊಂಡವರ ಪಟ್ಟಿ ಆಗುವುದಿಲ್ಲ.

2020ರಲ್ಲಿ ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶ ನೀಡಲಾಯಿತು. ಇತಿಹಾಸಕ್ಕೆ ಇದೂ ಒಂದು ತಿರುವು. ಶಾಸನಸಭೆಯಲ್ಲಿ ಮಂಡನೆಯಾಗುವ ಮಸೂದೆಗೆ ಆರ್ಥಿಕ ಜ್ಞಾಪನಾ ಪತ್ರವನ್ನು ಲಗತ್ತಿಸುವ ಪದ್ಧತಿ ಇದೆ. ಬೊಕ್ಕಸಕ್ಕೆ ತಗಲುವ ವೆಚ್ಚವನ್ನು ಅದು ಹೇಳುತ್ತದೆ. ಈ ಕಾನೂನಿನಿಂದ ಯಾರು, ಎಷ್ಟನ್ನು ಕಳೆದುಕೊಳ್ಳುತ್ತಾರೆ, ಅವರಿಗೆ ಏನು ವ್ಯವಸ್ಥೆ ಎಂಬ ಇನ್ನೊಂದು ಪುಟವನ್ನೂ ಅದರೊಡನೆ ಕಡ್ಡಾಯಗೊಳಿಸಬೇಕು. ಮಸೂದೆಗೆ ಮತ ಹಾಕುವವರು ಆ ಪುಟವನ್ನು ಓದಿಯೇ ಹಾಕಲಿ.