ಬಂದು ಹೋಗುವ ವಾಸನೆ

ಮನೆಗೆ ಕಳ್ಳನು ಬಂದು ಹೋದರೆ ಏನಾದರೊಂದು ಗುರುತು ಉಳಿಯುತ್ತದೆ. ವಾಸನೆಯು ಬಂದು ಹೋದರೆ ಉಳಿಯುವುದು ಚರ್ಚೆ ಮಾತ್ರ. ಕಳೆದ ಮಾರ್ಗಶಿರದಲ್ಲಿ ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಹೆಚ್ಚು ಕಡಮೆ ಮೂರು ವಾರಗಳ ಕಾಲ ಇಂತಹ ಒಂದು ಚರ್ಚೆ ನಡೆಯಿತು.

ಕನಕಪುರ ರಸ್ತೆಯಿಂದ ಒಳಕ್ಕೆ ತಿರುಗಿ ಎರಡು ಗಲ್ಲಿಗಳನ್ನು ದಾಟಿದರೆ ನಮ್ಮ ಮನೆ. ಮೊದಲನೆಯ ಮಹಡಿ. ಎಂಟಡಿ ಉದ್ದ, ಏಳಡಿ ಅಗಲದ ಅಡಿಗೆಮನೆ. ಅದಕ್ಕೊಂದು ಕಿಟಕಿ. ಬೇರೆ ಕೋಣೆಯಿಲ್ಲದ ಕಾರಣ ದೇವರ ಗೂಡೂ ಅಲ್ಲಿಯೇ, ಒಂದು ಮೂಲೆಯಲ್ಲಿ, ನೆಲದ ಮೇಲಿನ ಪುಟ್ಟ ಮಣೆಯ ಮೇಲೆ. ಗ್ಯಾಸ್ ಸಿಲಿಂಡರು ಎದುರು ಮೂಲೆಯಲ್ಲಿ, ಕಟ್ಟೆಯ ಕೆಳಗೆ. ಈ ಎರಡು ಮೂಲೆಗಳ ನಡುವಣ ಅಂತರ ಮೂರು ಹೆಜ್ಜೆ. ನನ್ನ ತಾಯಿಯವರು ಬೆಳಗಿನ ಐದು ಗಂಟೆಗೆ ಎದ್ದು, ಮುಖ ತೊಳೆದು, ಮೊದಲು ಮಾಡುವ ಕೆಲಸ ಆ ಮಣೆಯ ಮುಂದೆ ಕುಳಿತು ದೀಪ ಹಚ್ಚುವುದು. ಬೆಂಗಳೂರಿನ ಚಳಿಗಾಲದ ನಸುಕಿನಲ್ಲಿ ಕಿಟಕಿ ಮುಚ್ಚಿರುತ್ತದೆಂದು ಬೇರೆ ಹೇಳಬೇಕಾದುದಿಲ್ಲ.

ವಾಸನೆಯನ್ನು ಮೊದಲು ಕಂಡವಳು ನನ್ನ ಮನೆಯಾಕೆ. ‘ಬೆಳಗ್ಗೆ ಒಳಗೆ ಬಂದರೆ ಗ್ಯಾಸಿನ ವಾಸನೆ ಬಂದ ಹಾಗಾಗುತ್ತದೆ’ ಎಂದಳು. ನಾನು ಹೋಗಿ ಮೂಗರಳಿಸಿದೆ. ಏನೂ ಇಲ್ಲ. ಎಲ್ಲೋ ಇಲಿ ಸತ್ತಿರಬೇಕೆಂದು ತಾಯಿಯವರು ಅಭಿಪ್ರಾಯಪಟ್ಟರು. ಸಾರಕ್ಕಿ ಕೆರೆಯ ಕಡೆಯಿಂದ ಬೀಸುವ ಗಾಳಿಯ ಗುಣವೆಂದು ಕೆಳಗಿನ ಮನೆಯವರು ತೀರ್ಪಿತ್ತರು. ನಾನಾದರೋ ಹಳೆಯ ಈರುಳ್ಳಿಯ ಬುಟ್ಟಿಯನ್ನು ತೋರಿಸಿ, ಸಮಸ್ಯೆ ಬಗೆಹರಿಯಿತೆಂದು ಕಾಲೇಜಿಗೆ ಹೊರಟುಹೋದೆ. ಎರಡು ದಿನ ವಾಸನೆಯಿಲ್ಲ. ಮೂರನೆಯ ದಿನ ಉಂಟು. ಮತ್ತೆ ನಾಲ್ಕು ದಿನ ಇಲ್ಲ. ನಿತ್ಯವೂ ಬರುವ ತೊಂದರೆಗೆ ಮನುಷ್ಯನು ಪರಿಹಾರ ಹುಡುಕುತ್ತಾನೆ. ಆಗೊಮ್ಮೆ ಈಗೊಮ್ಮೆ ಬರುವುದಕ್ಕೆ ಕಾರಣ ಹೇಳಿ ಸುಮ್ಮನಾಗುತ್ತಾನೆ. ನಾನೂ ಹಾಗೆಯೇ ಸುಮ್ಮನಾದೆ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಸಿಲಿಂಡರುಗಳಲ್ಲಿ ದ್ರವರೂಪದಲ್ಲಿ ತುಂಬಿರುವ ಪ್ರೋಪೇನ್ ಮತ್ತು ಬ್ಯೂಟೇನ್ ಅನಿಲಗಳಿಗೆ ಸ್ವಂತ ವಾಸನೆಯೆಂಬುದೇ ಇಲ್ಲ. ಕೊಳೆತ ಕೋಸನ್ನು ನೆನಪಿಗೆ ತರುವ ಆ ದುರ್ಗಂಧವು ಬೇಕೆಂದೇ ಬೆರೆಸಿದ್ದು. ಅದರ ಹೆಸರು ಇಥೈಲ್ ಮರ್ಕ್ಯಾಪ್ಟನ್. ಗಂಧಕವನ್ನೊಳಗೊಂಡ ಈ ವಸ್ತು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಮೆಯಿದ್ದರೂ ಮನುಷ್ಯನ ಮೂಗಿಗೆ ತಿಳಿದುಬಿಡುತ್ತದೆ. ಇದನ್ನು ಬೆರೆಸುವುದು ಕಡ್ಡಾಯವಾದುದರ ಹಿಂದೆ ಒಂದು ಘೋರವಾದ ಕಥೆಯುಂಟು. ಅಮೆರಿಕದ ಟೆಕ್ಸಸ್ ಸಂಸ್ಥಾನದ ನ್ಯೂ ಲಂಡನ್ ಎಂಬ ಊರಿನ ಶಾಲೆಯೊಂದರಲ್ಲಿ ಕಟ್ಟಡವನ್ನು ಬೆಚ್ಚಗಿಡಲು ಹತ್ತಿರದ ಎಣ್ಣೆಬಾವಿಗಳ ಅನಿಲವನ್ನು ಉಪಯೋಗಿಸುತ್ತಿದ್ದರು. ಅದಕ್ಕೆ ವಾಸನೆಯಿರಲಿಲ್ಲ. ಸೋರಿದ ಅನಿಲ ನೆಲದಡಿಯ ಟೊಳ್ಳಿನಲ್ಲಿ ಸೇರುತ್ತಿದ್ದುದು ಯಾರಿಗೂ ತಿಳಿಯಲಿಲ್ಲ. 1937ನೆಯ ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡುವುದಕ್ಕೆ ಕೆಲವೇ ನಿಮಿಷಗಳಿರುವಾಗ, ವಿದ್ಯುದ್ಯಂತ್ರವೊಂದರ ಕಿಡಿಗೆ ಅದು ಹೊತ್ತಿಕೊಂಡಿತು. ಸುಮಾರು 300 ಮಂದಿ ಮಕ್ಕಳೂ ಉಪಾಧ್ಯಾಯರೂ ಸತ್ತರು. ಅದೇ ವರ್ಷ ಆ ಸಂಸ್ಥಾನವು ಅನಿಲಕ್ಕೆ ವಾಸನೆ ಬೆರೆಸಬೇಕೆಂಬ ಕಾನೂನನ್ನು ಮಾಡಿತು. ಕ್ರಮೇಣ ಲೋಕವೆಲ್ಲ ಅದನ್ನು ಅನುಸರಿಸಿತು. ಜರಗನಹಳ್ಳಿಯಲ್ಲಿ ನನ್ನ ಮನೆಯಾಕೆಯ ಮೂಗಿಗೆ ಮುಟ್ಟಿದ ಎಚ್ಚರಿಕೆಯನ್ನು ಆ ಮಕ್ಕಳು ಇಷ್ಟು ದೊಡ್ಡ ಬೆಲೆ ತೆತ್ತು ಕಳುಹಿಸಿದ್ದರು. ಅದನ್ನು ನಾನು ಈರುಳ್ಳಿಯೆಂದೆ.

ಹಾಗಾದರೆ ನನ್ನ ಮೂಗಿಗೆ ಏನಾಗಿತ್ತು? ಒಂದು, ಆಗ ನನಗೆ ನೆಗಡಿ. ಎರಡು, ಯಾವ ವಾಸನೆಯಾದರೂ ಕೆಲವು ನಿಮಿಷಗಳಲ್ಲಿ ಮೂಗಿಗೆ ಬಳಕೆಯಾಗಿ ಇಲ್ಲವಾದಂತೆ ತೋರುತ್ತದೆ. ನಸುಕಿನಲ್ಲಿ ಅಡಿಗೆಮನೆಯಲ್ಲಿಯೇ ಕುಳಿತಿರುತ್ತಿದ್ದ ತಾಯಿಯವರಿಗೆ ತಿಳಿಯದೆ, ಹೊರಗಿನಿಂದ ಬಂದ ಸೊಸೆಗೆ ಥಟ್ಟನೆ ತಿಳಿಯುತ್ತಿದ್ದುದಕ್ಕೆ ಇದೇ ಕಾರಣ. ‘ವಾಸನೆ ಹೋಯಿತು’ ಎಂದು ನಾವು ಸಮಾಧಾನಪಟ್ಟುಕೊಳ್ಳುವಾಗ ಹೋದದ್ದು ಅನಿಲವೋ, ಮೂಗಿನ ಶಕ್ತಿಯೋ ಎಂಬುದನ್ನು ನಿರ್ಧರಿಸುವುದು ಕಷ್ಟ. ಅನುಮಾನ ಬಂದರೆ ಹೊರಗೆ ಹೋಗಿ ನಾಲ್ಕು ಉಸಿರೆಳೆದು ಒಳಗೆ ಬರಬೇಕು. ಇಲ್ಲವೆ ಹೊರಗಿನವರನ್ನು ಕರೆಯಬೇಕು.

ಮನೆಯಾಕೆ ಚರ್ಚೆಯನ್ನು ಬಿಟ್ಟಳು, ವಾಸನೆಯನ್ನು ಬಿಡಲಿಲ್ಲ. ಗೋಡೆಯ ಪಂಚಾಂಗದಲ್ಲಿ ವಾಸನೆ ಬಂದ ದಿನಗಳಿಗೆ ಪೆನ್ಸಿಲಿನಿಂದ ಚುಕ್ಕೆಯಿಡುತ್ತ ಬಂದಳು. ಮೂರನೆಯ ವಾರದ ಕೊನೆಗೆ ಆರು ಚುಕ್ಕೆಗಳಾದುವು. ಒಂದು ಸಂಜೆ ಅವಳು ಪಂಚಾಂಗವನ್ನೇ ಇಳಿಸಿ ತಂದು ನನ್ನ ಮೇಜಿನ ಮೇಲಿಟ್ಟು, ‘ಈ ಆರು ರಾತ್ರಿ ನೀವೇನು ಮಾಡುತ್ತಿದ್ದಿರಿ?’ ಎಂದು ಕೇಳಿದಳು. ಪೊಲೀಸಿನವರೂ ಅಷ್ಟು ನೇರವಾಗಿ ಕೇಳಲಾರರು. ನಾನು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಹನ್ನೆರಡು ಗಂಟೆಯ ಹೊತ್ತಿಗೆ ಎದ್ದು ಕಾಫಿ ಮಾಡಿಕೊಳ್ಳುತ್ತಿದ್ದೆ. ಒಲೆಯ ಗುಂಡಿಯನ್ನು ತಿರುವಿ ಆರಿಸಿ ಬಂದು ಕೂರುತ್ತಿದ್ದೆ. ಸಿಲಿಂಡರಿನ ಮೇಲಿನ ರೆಗ್ಯುಲೇಟರನ್ನು ಮುಚ್ಚಬೇಕೆಂಬುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಉಳಿದ ರಾತ್ರಿಗಳಲ್ಲಿ ಅದನ್ನು ಮುಚ್ಚಿ ಮಲಗುತ್ತಿದ್ದವಳು ಅವಳು.

ಮರುದಿನವೇ ಅನಿಲ ವಿತರಕರ ಕಡೆಯಿಂದ ಒಬ್ಬ ಯುವಕನು ಬಂದನು. ಅವನು ಮೂಗನ್ನು ನೆಚ್ಚಲೇ ಇಲ್ಲ. ಒಂದು ಲೋಟದಲ್ಲಿ ಸಾಬೂನಿನ ನೀರು ಮಾಡಿಸಿ, ರೆಗ್ಯುಲೇಟರು ಕೂರುವ ಜಾಗ, ರಬ್ಬರು ನಳಿಗೆಯ ಎರಡು ತುದಿಗಳು, ಒಲೆಯ ಗುಂಡಿಗಳು ಇವಿಷ್ಟಕ್ಕೂ ಹಚ್ಚಿದನು. ಉಳಿದೆಡೆ ಏನೂ ಇಲ್ಲ. ರೆಗ್ಯುಲೇಟರಿನ ಬುಡದಲ್ಲಿ ಮಾತ್ರ ಸಾಸಿವೆಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. ರೆಗ್ಯುಲೇಟರನ್ನು ಮುಚ್ಚಿದೊಡನೆ ಗುಳ್ಳೆ ನಿಂತಿತು. ಸಿಲಿಂಡರಿನ ಕವಾಟದೊಳಗೆ ಉಂಗುರದಂತಹ ಒಂದು ಕರಿಯ ರಬ್ಬರು ಇರುತ್ತದೆ. ರೆಗ್ಯುಲೇಟರನ್ನು ತೆರೆದಾಗ ಅನಿಲ ಪಕ್ಕಕ್ಕೆ ನುಸುಳದಂತೆ ತಡೆಯುವುದು ಅದೇ. ನಮ್ಮದು ಒಂದು ಕಡೆ ಸೀಳಿತ್ತು. ಮುಚ್ಚಿದಾಗ ಕವಾಟ ತಾನೇ ಬಿಗಿದುಕೊಳ್ಳುವುದರಿಂದ ಸೋರಿಕೆಯಿಲ್ಲ. ಹಗಲಿನಲ್ಲಿ ಕಿಟಕಿ ತೆರೆದು, ಒಗ್ಗರಣೆಯ ಘಾಟು ಮೇಲೆದ್ದಿರುವಾಗ ಆ ಸೂಕ್ಷ್ಮವಾದ ವಾಸನೆ ಯಾರಿಗೆ ಗೊತ್ತಾಗಬೇಕು? ಕಾಫಿಯ ರಾತ್ರಿಗಳಲ್ಲಿ ಮಾತ್ರ ಐದು ಗಂಟೆಗಳ ಕಾಲ ಅದು ಮುಚ್ಚಿದ ಕೋಣೆಯಲ್ಲಿ ಇಷ್ಟಿಷ್ಟಾಗಿ ಕೂಡುತ್ತಿತ್ತು.

ಎಲ್ಲಿ ಕೂಡುತ್ತಿತ್ತು ಎಂಬುದನ್ನು ಕೇಳಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸಿಲಿಂಡರಿನ ಅನಿಲವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ಹೊಗೆಯಂತೆ ಮೇಲೇರುವುದಿಲ್ಲ; ಚೆಲ್ಲಿದ ನೀರಿನಂತೆ ನೆಲದ ಮೇಲೆ ಹರಿದು ಮೂಲೆ ಹಿಡಿಯುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಸುಮಾರು ಎರಡು ಪಾಲಾದರೆ ಕಿಡಿ ಸಾಕು. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ಲೆಕ್ಕ ಹಾಕಿ ತೋರಿಸಿದರು: ನನ್ನ ಅಡಿಗೆಮನೆಯ ಸೂರು ಒಂಬತ್ತಡಿ. ಕೋಣೆಯ ತುಂಬ ಸಮನಾಗಿ ಬೆರೆತು ಆ ಮಟ್ಟ ಮುಟ್ಟಬೇಕಾದರೆ ಅರ್ಧ ಕಿಲೋಗ್ರಾಮಿಗೂ ಮಿಕ್ಕಿ ಅನಿಲ ಬೇಕು. ಕೆಳಗಿನ ಒಂದಡಿಯಲ್ಲಿ ಮಾತ್ರ ನಿಂತರೆ ಎಪ್ಪತ್ತು ಗ್ರಾಮಿನಷ್ಟು ಸಾಕು. ತುಂಬಿದ ಸಿಲಿಂಡರಿನಲ್ಲಿರುವುದು 14.2 ಕಿಲೋಗ್ರಾಂ. ಆ ಕೆಳಗಿನ ಒಂದಡಿಯಲ್ಲಿಯೇ ದೇವರ ಮಣೆ, ಅದರ ಮುಂದೆ ಕಡ್ಡಿ ಗೀರುವ ನನ್ನ ತಾಯಿ. ಆರು ಬೆಳಗು ಅವರು ಹಾಗೆ ಗೀರಿದ್ದರು.

ವಾಸನೆ ಬಂದಾಗಲೆಲ್ಲ ಸೋರಿಕೆಯೇ ಎಂದಲ್ಲ. ಸಿಲಿಂಡರು ಮುಗಿಯುತ್ತ ಬಂದಂತೆ ವಾಸನೆ ಹೆಚ್ಚುವುದುಂಟು. ಪ್ರೋಪೇನ್, ಬ್ಯೂಟೇನ್ ಬೇಗ ಆವಿಯಾಗಿ ಹೋಗಿ, ನಿಧಾನವಾಗಿ ಆವಿಯಾಗುವ ಮರ್ಕ್ಯಾಪ್ಟನ್ ತಳದಲ್ಲಿ ಉಳಿಯುವುದೇ ಇದಕ್ಕೆ ಕಾರಣ. ಸಿಲಿಂಡರು ಬದಲಿಸುವ ಕ್ಷಣದಲ್ಲಿ ಒಂದು ಗುಟುಕು ವಾಸನೆ ಸಹಜ. ಹಾಲು ಉಕ್ಕಿ ಸಣ್ಣ ಉರಿ ನಂದಿದರೂ ಬರುತ್ತದೆ. ಆದರೆ ಇವೆಲ್ಲವೂ ಸಾಬೂನಿನ ನೀರನ್ನು ಹಚ್ಚಿ ನೋಡಿದ ಮೇಲೆ ಹೇಳಬೇಕಾದ ಮಾತುಗಳು. ನಾನು ಮೊದಲೇ ಹೇಳಿಬಿಟ್ಟಿದ್ದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಧೀರರು ಈಗಲೂ ಇದ್ದಾರಂತೆ. ಅವರಿಗೆ ನಮಸ್ಕಾರ.

ಗಾಢವಾಗಿ ಬಂದರೆ ಪರೀಕ್ಷೆಯ ಗೋಜೇ ಬೇಡವೆಂದು ಆ ಯುವಕನು ಹೇಳಿದ. ವಿದ್ಯುದ್ದೀಪದ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಗಾಳಿ ಹೊರದೂಡುವ ಫ್ಯಾನನ್ನು ಮುಟ್ಟಲೇಬಾರದು, ಏಕೆಂದರೆ ಕಿಡಿ ಹುಟ್ಟುವುದು ಅಲ್ಲಿಯೇ. ದೀಪ, ಊದುಬತ್ತಿ ಏನಿದ್ದರೂ ನಂದಿಸಿ, ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮನೆಮಂದಿಯೆಲ್ಲ ಹೊರಗೆ ಬರಬೇಕು. ಹೊರಗೆ ನಿಂತು 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಸೋರಿಕೆಯ ದೂರಿಗೆಂದೇ ಹಗಲಿರುಳೂ ಇರುವ ಸಂಖ್ಯೆಯದು. ನಳಿಗೆಯ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಐದು ವರ್ಷ ಕಳೆದರೆ ಬದಲಿಸಬೇಕು. ನಮ್ಮದಕ್ಕೆ ಏಳು ವರ್ಷ ತುಂಬಿತ್ತು. ಅದನ್ನೂ ಕಿತ್ತು ಹೊಸದನ್ನು ಹಾಕಿಸಿದೆವು. ಬೆಂಗಳೂರಿನ ಹಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ಬರುತ್ತಿರುವ ನೈಸರ್ಗಿಕ ಅನಿಲದ ರೀತಿಯೇ ಬೇರೆ. ಅದು ಮೀಥೇನ್, ಗಾಳಿಗಿಂತ ಹಗುರ, ಸೂರಿನಡಿಯಲ್ಲಿ ಸೇರುತ್ತದೆ. ಅಲ್ಲಿ ಮೇಲಿನ ಕಿಂಡಿ ಮುಖ್ಯ, ನಮ್ಮಲ್ಲಿ ಕೆಳಗಿನ ಬಾಗಿಲು.

ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಮೂಗಿಗೆ ಸಿಕ್ಕುವ ಅಪಾಯ ಒಂದಾದರೆ, ಸಿಕ್ಕದೆ ಬರುವುದು ಇನ್ನೊಂದು. ಕಿಟಕಿಯಿಲ್ಲದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರು ಉರಿದಾಗ ಸಾಕಷ್ಟು ಗಾಳಿಯಿಲ್ಲದೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದಕ್ಕೆ ವಾಸನೆ ಬೆರೆಸುವವರೂ ಯಾರೂ ಇಲ್ಲ. ಸ್ನಾನಕ್ಕೆ ಹೋದವರು ಬಾಗಿಲೊಳಗೇ ಸತ್ತ ವಾರ್ತೆಯನ್ನು ನಮ್ಮ ಊರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಗೀಸರು ಸ್ನಾನದ ಮನೆಯ ಹೊರಗಿರಬೇಕು.

ಹೊಸ ರಬ್ಬರನ್ನು ಕೂರಿಸಿ ಹೊರಡುವಾಗ ಆ ಯುವಕನು ಹಳೆಯದನ್ನು ನನ್ನ ಅಂಗೈಯಲ್ಲಿಟ್ಟನು. ಸೊಸೆ ಅದನ್ನು ಅತ್ತೆಗೆ ತೋರಿಸಿ ನಡೆದುದನ್ನೆಲ್ಲ ಹೇಳಿದಳು. ತಾಯಿಯವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಕಡೆಗೆ ತಿರುಗಿ, ‘ಆರು ದಿನವೂ ಈರುಳ್ಳಿಯೇ ಏನಪ್ಪ?’ ಎಂದರು. ನಾನು ಮಾತಾಡಲಿಲ್ಲ.

ಕಳೆದ ವಾರ ಮತ್ತೊಮ್ಮೆ ಏನೋ ವಾಸನೆ ಬಂದಿತು. ಈ ಸಲ ಲೋಟದಲ್ಲಿ ಸಾಬೂನಿನ ನೀರು ಮಾಡಿಕೊಂಡು ಬಂದವನು ನಾನು. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಕೊನೆಗೆ ನೋಡಿದರೆ, ಬಚ್ಚಲಿನ ಬಳಸದ ಜಾಲರಿಯ ಕೆಳಗೆ ನೀರು ಬತ್ತಿ ಚರಂಡಿಯ ಗಾಳಿ ಮೇಲೆ ಬರುತ್ತಿತ್ತು. ಒಂದು ಚೊಂಬು ನೀರು ಸುರಿದುದಕ್ಕೆ ನಿಂತುಹೋಯಿತು. ತಾಯಿಯವರಿಗೆ ಇದನ್ನು ವಿವರಿಸಿ ಹೇಳಿದೆ. ಅವರು ತಲೆದೂಗಿದರು. ಆದರೂ ಮರುದಿನ ಐದು ಗಂಟೆಯ ಚಳಿಯಲ್ಲಿ, ಮೊದಲು ಅಡಿಗೆಮನೆಯ ಕಿಟಕಿಯ ಅಗುಳಿ ತೆಗೆದ ಸದ್ದು ಕೇಳಿಸಿತು. ಕಡ್ಡಿ ಗೀರಿದ ಸದ್ದು ಬಂದುದು ಬಹಳ ಹೊತ್ತಿನ ಮೇಲೆ.