ಮಾತಿಗೆಂದು ಇಟ್ಟ ಮೈಕು, ಅದರೊಳಗೆ ಸಿಕ್ಕ ಡ್ರಮ್

ಫಿಲ್ ಕಾಲಿನ್ಸ್ ಅವರ ‘ಇನ್ ದಿ ಏರ್ ಟುನೈಟ್’ ಹಾಡು ಎಲ್ಲಾದರೂ ನಿಮ್ಮ ಕಿವಿಗೆ ಬಿದ್ದಿರಬಹುದು. ಮೂರೂವರೆ ನಿಮಿಷ ಹಾಡು ಮೆಲ್ಲಗೆ ಸಾಗುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಡ್ರಮ್ ಗುಡುಗುತ್ತದೆ. ಆ ಗುಡುಗು ಹುಟ್ಟಿದ್ದು ಹೇಗೆ?

1951ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾಲಿನ್ಸ್, 1970ರಲ್ಲಿ ‘ಜೆನೆಸಿಸ್’ ತಂಡಕ್ಕೆ ಡ್ರಮ್ಮರ್ ಆಗಿ ಸೇರಿದರು. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ತಂಡ ಬಿಟ್ಟಾಗ ಹಾಡುವ ಹೊಣೆಯೂ ಇವರ ಹೆಗಲೇರಿತು. ಮುಂದೆ ಅದೇ ಗೇಬ್ರಿಯಲ್ ತಮ್ಮ ಮೂರನೆಯ ಆಲ್ಬಂಗೆ ಡ್ರಮ್ ಬಾರಿಸಲು ಕಾಲಿನ್ಸ್‌ರನ್ನು ಕರೆದರು. ಆದರೆ ಕಂಚಿನ ಸಿಂಬಲ್‌ಗಳನ್ನು ಮುಟ್ಟುವಂತಿಲ್ಲ ಎಂದರು. 1980ರಲ್ಲಿ ಹೊರಬಂದ ಆ ಆಲ್ಬಂನ ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್.

ಸ್ಟುಡಿಯೋದಲ್ಲಿ ಗಾಜಿನ ಆಚೆ ಈಚೆ ಇರುವವರು ಮಾತಾಡಿಕೊಳ್ಳಲೆಂದೇ ಒಂದು ಮೈಕು ಇರುತ್ತದೆ. ದೂರದ ಪಿಸುಮಾತೂ ಕೇಳಲೆಂದು ಅದು ಸಣ್ಣ ಸದ್ದನ್ನು ಎತ್ತಿ, ದೊಡ್ಡ ಸದ್ದನ್ನು ಅದುಮುತ್ತದೆ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಆ ಮೈಕು ತೆರೆದಿದ್ದಾಗ ಕಾಲಿನ್ಸ್ ಡ್ರಮ್ ಬಾರಿಸಿದರು. ಕೋಣೆಯ ಅನುರಣನವೆಲ್ಲ ಉಬ್ಬಿ, ಬಾವಿಯೊಳಗೆ ಬಂಡೆ ಉರುಳಿದಂತೆ ಕೇಳಿಸಿತು! ಇದು ಮುದ್ರಣದ ಮೈಕಲ್ಲ ಎಂದು ಅವರು ಸುಮ್ಮನಾಗಲಿಲ್ಲ. ಅದರ ಸದ್ದನ್ನೇ ಟೇಪಿಗೆ ಇಳಿಸಿದರು. ಜೊತೆಗೆ ‘ನಾಯ್ಸ್ ಗೇಟ್’ ಎಂಬ ಉಪಕರಣ ಸೇರಿತು. ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ಇದು ಬಾಗಿಲು ಮುಚ್ಚಿಬಿಡುತ್ತದೆ. ಹೀಗಾಗಿ ಪೆಟ್ಟು ದೊಡ್ಡದು, ಆದರೆ ಅನುರಣನಕ್ಕೆ ಬಾಲವೇ ಇಲ್ಲ.

ಈ ಸದ್ದನ್ನು ಕಾಲಿನ್ಸ್ 1981ರ ತಮ್ಮ ಮೊದಲ ಸ್ವಂತ ಆಲ್ಬಂ ‘ಫೇಸ್ ವ್ಯಾಲ್ಯೂ’ಗೆ ತಂದರು. ಎಂಬತ್ತರ ದಶಕದ ಪಾಪ್ ಸಂಗೀತದಲ್ಲೆಲ್ಲ ಅದು ಹರಡಿತು. ಆ ಆಲ್ಬಂನ ನಿರ್ಮಾಪಕರೂ ಅವರೇ. ಇಲ್ಲಿ ನಿರ್ಮಾಪಕ ಎಂದರೆ ನಮ್ಮ ಸಿನಿಮಾದಂತೆ ಹಣ ಹೂಡುವವರಲ್ಲ. ಹಾಡು ಕೊನೆಗೆ ಕಿವಿಗೆ ಹೇಗೆ ಬೀಳಬೇಕೆಂದು ತೀರ್ಮಾನಿಸುವವರು. ‘ಅಬ್ಬಾ’ ತಂಡದ ಫ್ರೀಡಾ ಅವರ 1982ರ ಆಲ್ಬಂ, ಎರಿಕ್ ಕ್ಲಾಪ್ಟನ್‌ರ ‘ಬಿಹೈಂಡ್ ದಿ ಸನ್’ (1985) ಕೂಡ ಅವರ ನಿರ್ಮಾಣವೇ.

ಆದರೆ ಕೈಗಳು ಕೊನೆತನಕ ಜೊತೆಗೂಡಲಿಲ್ಲ. ಕತ್ತಿನ ಮೂಳೆಯ ತೊಂದರೆ, ನರದ ತೊಂದರೆಗಳಿಂದ ಅವರಿಗೆ ಡ್ರಮ್ಮಿನ ಕೋಲು ಹಿಡಿಯುವುದೇ ಕಷ್ಟವಾಯಿತು. 2022ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ನಡೆದ ಜೆನೆಸಿಸ್‌ನ ಕೊನೆಯ ಕಛೇರಿಯಲ್ಲಿ ಅವರು ಕುರ್ಚಿಯಲ್ಲಿ ಕೂತು ಹಾಡಿದರು. ಹಿಂದೆ ಡ್ರಮ್ ಬಾರಿಸಿದವರು ಮಗ ನಿಕ್.

ಮುಂದಿನ ಸಲ ಆ ಹಾಡು ಬಂದಾಗ ಡ್ರಮ್ಮಿನ ಪೆಟ್ಟನ್ನಷ್ಟೇ ಅಲ್ಲ, ಪೆಟ್ಟು ನಿಂತ ಕೂಡಲೇ ಬಾಗಿಲು ಮುಚ್ಚಿಕೊಳ್ಳುವುದನ್ನೂ ಕೇಳಿಸಿಕೊಳ್ಳಿ.