ಗಂಜೀಫಾದಿಂದ 'ದಿ ಕ್ರೂ'ವರೆಗೆ

(ದೃಶ್ಯ: ಅಂಗೈ ಮೇಲೆ ಬಣ್ಣದ ದುಂಡು ಎಲೆಗಳು)
ಹೊಸ ಕಾರ್ಡ್ ಆಟಗಳ ಹವ್ಯಾಸಿಯು ನಿಪ್ಪಾಣಿಯಿಂದ ಆಜರಾ, ಆಂಬೋಲಿ ಘಾಟಿನ ಮಾರ್ಗವಾಗಿ ಸಾವಂತವಾಡಿಗೆ ಇಳಿದರೆ, ಆ ಆಟಗಳ ಹಿರಿಯ ಬಂಧುವಾದ ದಶಾವತಾರಿ ಗಂಜೀಫಾ, ಅಂದರೆ ಕೈಯಿಂದ ಚಿತ್ರ ಬರೆದು ಅರಗಿನ ಮೆರುಗು ಕೊಟ್ಟ ದುಂಡು ಎಲೆಗಳ ಕಟ್ಟು, ಅಲ್ಲಿಯ ಅರಮನೆಯಲ್ಲಿ ತಯಾರಾಗುವುದನ್ನು ಕಾಣಬಹುದು.

(ದೃಶ್ಯ: ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ರಾಜರು)
ಇದರ 120 ಎಲೆಗಳು ಹತ್ತು ಅವತಾರಗಳ ಹೆಸರಿನ ಹತ್ತು ಗುಂಪುಗಳಾಗಿದ್ದು, ಪ್ರತಿ ಗುಂಪಿನಲ್ಲಿ ರಾಜ, ಪ್ರಧಾನ ಹಾಗೂ ಒಂದರಿಂದ ಹತ್ತರವರೆಗಿನ ಎಲೆಗಳಿರುತ್ತವೆ. ಐದು ಗುಂಪುಗಳ ಅಂಕಿಗಳಲ್ಲಿ ಹತ್ತು ದೊಡ್ಡದಾದರೆ, ಉಳಿದ ಐದರಲ್ಲಿ ಒಂದು ದೊಡ್ಡದು. ಹಗಲಿನ ಆಟವನ್ನು ರಾಮನ ರಾಜನೆಲೆ ಪಡೆದವರು, ರಾತ್ರಿಯ ಆಟವನ್ನು ಕೃಷ್ಣನ ರಾಜನೆಲೆ ಪಡೆದವರು ಆರಂಭಿಸುತ್ತಾರೆ.

(ದೃಶ್ಯ: ಮೇಜಿನ ಮೇಲೆ 'ದಿ ಕ್ರೂ' ಪೆಟ್ಟಿಗೆ)
ಎಲ್ಲರೂ ಎಲೆ ಇಳಿಸಿದ ಮೇಲೆ ದೊಡ್ಡ ಎಲೆಯವರು ಎಲ್ಲವನ್ನೂ ಬಾಚಿಕೊಳ್ಳುವ ಗಂಜೀಫಾದ ಕ್ರಮವೇ 2019ರ ಜರ್ಮನ್ ಆಟ 'ದಿ ಕ್ರೂ'ದಲ್ಲಿಯೂ ಇದೆ. ಆದರೆ ಅಲ್ಲಿ ಆಟಗಾರರು ಎದುರಾಳಿಗಳಾಗಿರದೆ, ತಮ್ಮ ಎಲೆಗಳನ್ನು ಬಾಯಿಬಿಟ್ಟು ಹೇಳದೆಯೇ, ಯಾವ ಎಲೆ ಯಾರಿಗೆ ಸೇರಬೇಕೆಂಬ ಗುರಿಯನ್ನು ಒಟ್ಟಾಗಿ ಸಾಧಿಸುತ್ತಾರೆ. ಬಿದ್ದ ಎಲೆಗಳ ನೆನಪೇ ಎರಡರಲ್ಲಿಯೂ ಆಟಗಾರನ ಬಲವಾದ್ದರಿಂದ, ಗಡಿನಾಡಿನ ಮನೆಗಳಲ್ಲಿ ಹೊಸ ಆಟಗಳ ಜೊತೆಗೆ ಗಂಜೀಫಾವನ್ನೂ ಮಕ್ಕಳಿಗೆ ಕಲಿಸುವುದು ಅತ್ಯಗತ್ಯ.